ಗೆದ್ದರೂ ಅಲ್ಲೇ ಕೂರಬೇಕಾ?

ಕಳೆದ ಶನಿವಾರ ನನ್ನ ಗಂಡನಿಗೆ ಇಡೀ ಆಸ್ಟ್ರೇಲಿಯಾದ ಮೇಲೆ ಸಿಟ್ಟು ಬಂದಿತ್ತು. ಬಿಸಿಬೇಳೆಬಾತ್ ತಟ್ಟೆಯಲ್ಲೇ ಆರುತ್ತಿತ್ತು.

ಸುಧೀಂದ್ರ ಇಲ್ಲಿ ಜಪಾನಿನ ನಗೋಯಾದಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಮನುಷ್ಯ. ಹಿಂದೊಮ್ಮೆ ಪ್ರಾಜೆಕ್ಟ್‌ಗೆಂದು ಆಸ್ಟ್ರೇಲಿಯಾದ ಸಣ್ಣ ಊರೊಂದರಲ್ಲಿ ಆರು ತಿಂಗಳಿದ್ದರು. ಮನೆಯ ಹಿಂದೆಯೇ ಫುಟ್‌ಬಾಲ್ ಮೈದಾನ. ಆಗ ಅಂಟಿಕೊಂಡ ಹುಚ್ಚು ಇನ್ನೂ ಬಿಟ್ಟಿಲ್ಲ. ಆ ಊರಿನ ಟೀಮ್ ಆಡುವುದು ಪ್ರಾಂತೀಯ ಲೀಗ್‌ನಲ್ಲಿ, ಅದರಲ್ಲೂ ಎರಡನೇ ದರ್ಜೆಯಲ್ಲಿ. (ಗೋಲ್‌ಕೀಪರ್ ವಾರವಿಡೀ ಪ್ಲಂಬರ್.) ಅಲ್ಲಿಗೂ ಇಲ್ಲಿಗೂ ಒಂದೇ ಗಂಟೆಯ ವ್ಯತ್ಯಾಸ. ಹಾಗಾಗಿ ನಮ್ಮ ಶನಿವಾರದ ಊಟ ಫೋನಿನ ಲೈವ್‌ಗೆ ಅರ್ಪಿತ.

ಈ ಸಲ ಟೀಮ್ ಲೀಗಿಗೇ ಮೊದಲು ಬಂತು. ಆದರೂ ಮೇಲಿನ ದರ್ಜೆಗೆ ಬಡ್ತಿ ಇಲ್ಲವಂತೆ! ಮೈದಾನದಲ್ಲಿ ಎರಡನೇ ಡ್ರೆಸ್ಸಿಂಗ್ ರೂಮ್ ಇಲ್ಲವಂತೆ, ಅದಕ್ಕೆ.

"ಅನ್ಯಾಯ ಅಲ್ವೇನೇ? ಗೆದ್ರೂ ಅಲ್ಲೇ ಕೂರ್ಬೇಕಾ?"

ಲೀಗ್‌ನವರಿಗೆ ಮೂರು ಪುಟದ ಈಮೇಲ್ ಬರೆದರು. ಇಂಗ್ಲಿಷ್ ಸರಿಯಿದೆಯಾ ನೋಡು ಎಂದು ನನ್ನ ಮುಂದಿಟ್ಟರು.

ಓದಿದೆ. ಬೆಂಕಿ! ಓದುತ್ತ ನನ್ನ ಮೈಯೂ ಉರಿಯಿತು. ಏಕೆಂದರೆ ಅದೇ ವಾರದ ಸೋಮವಾರ ಇವರ ಮ್ಯಾನೇಜರ್ ಕೋಂದೋ-ಸಾನ್, ಟೀಮ್ ಲೀಡರ್ ಹುದ್ದೆಯನ್ನು ಇವರೇ ಕೆಲಸ ಕಲಿಸಿದ ಜೂನಿಯರ್‌ಗೆ ಕೊಟ್ಟಿದ್ದರು. ಐದನೇ ವರ್ಷವೂ ಇವರು ಇದ್ದಲ್ಲೇ. ಕಾರಣ? ಜಪಾನಿ ಭಾಷೆಯ ಯಾವುದೋ ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲ. (ಮೀಟಿಂಗ್‌ಗಳನ್ನೆಲ್ಲ ಜಪಾನಿಯಲ್ಲೇ ನಡೆಸುವವರು ಇವರು!) ಅದಕ್ಕೆ ಇವರೇನು ಮಾಡಿದರು ಗೊತ್ತೇ? ನಡು ಬಗ್ಗಿಸಿ "ಅರಿಗಾತೋ" ಎಂದು ಥ್ಯಾಂಕ್ಸ್ ಹೇಳಿ ಬಂದರು. ಜೂನಿಯರ್‌ಗೆ ಕೇಕ್ ಬೇರೆ ಕೊಂಡೊಯ್ದರು. ಅವತ್ತು ನನಗೆ ಅಳುವೇ ಬಂದಿತ್ತು.

"ಕ್ಲಬ್ ಹೆಸ್ರು ತೆಗ್ದು ನಿಮ್ಮ ಹೆಸ್ರು ಹಾಕಿ. ಡ್ರೆಸ್ಸಿಂಗ್ ರೂಮ್ ತೆಗ್ದು ಸರ್ಟಿಫಿಕೇಟ್ ಹಾಕಿ. ಕೋಂದೋ-ಸಾನ್‌ಗೆ ಕಳ್ಸಿ," ಎಂದೆ.

"ಛೆ, ಅದು ಬೇರೆ ಕಣೇ. ಆಫೀಸಲ್ಲಿ ಹಾಗೆಲ್ಲ ಕೇಳಕ್ಕಾಗುತ್ತಾ? ಸುಮ್ನೆ ಅವ್ರಿಗೆ ಮುಜುಗರ."

ಮುಜುಗರ! ಅವರಿಗೆ!

ಇವರೊಬ್ಬರೇ ಏನು, ನಾವೆಲ್ಲ ಹೀಗೇ ಅಲ್ಲವೇ? ಕ್ರಿಕೆಟ್ ಸೆಲೆಕ್ಟರ್‌ಗಳಿಗೆ ದಿನಾ ಬುದ್ಧಿ ಹೇಳುತ್ತೇವೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ಕೂತು ಪ್ರಪಂಚಕ್ಕೆಲ್ಲ ನ್ಯಾಯ ಕೊಡಿಸುತ್ತೇವೆ. ನಮ್ಮ ಪಾಲಿನದನ್ನು ಕೇಳುವಾಗ ಮಾತ್ರ ಗಂಟಲಿಗೆ ಏನಾಗುತ್ತದೋ.

ಈಮೇಲ್ ಆಸ್ಟ್ರೇಲಿಯಾಕ್ಕೇ ಹೋಯಿತು. ಮಂಗಳವಾರ ಬೆಳಿಗ್ಗೆ ಉತ್ತರವೂ ಬಂತು: ವಿಷಯವನ್ನು ಮುಂದಿನ ಸಭೆಯಲ್ಲಿ ಮತ್ತೆ ಪರಿಶೀಲಿಸುತ್ತೇವೆ. ಆಫೀಸಿಗೆ ಹೊರಟಿದ್ದ ಇವರು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಲೇ ಕೂಗಿದರು.

"ನೋಡ್ದೇನೇ? ಬಾಯಿಬಿಟ್ಟು ಕೇಳಿದ್ರೆ ಕೆಲ್ಸ ಆಗುತ್ತೆ!"

ಹಾಗೆಂದವರೇ, ಆ ಜೂನಿಯರ್ ಕರೆದಿದ್ದ ಮೀಟಿಂಗಿಗೆ ತಡವಾಯಿತೆಂದು ಓಡಿದರು.