ಸುಮ್ಮನಿರುವ ಇಪ್ಪತ್ತೊಂದು ಆವರ್ತ

ಬೆಳಗಿನ ಆರು ಗಂಟೆ. ಸಭಾಂಗಣದ ನೆಲಮಾಳಿಗೆಯಲ್ಲಿ ಆಗಲೇ ಕತ್ತರಿಯ ಸದ್ದು. ಉದ್ದನೆಯ ಮೇಜಿನ ಮೇಲೆ ಸ್ವರದ ಹಾಳೆಗಳ ಎಂಬತ್ತೆರಡು ಕಪ್ಪು ಫೈಲುಗಳಿವೆ, ಎಂಬತ್ತೆರಡು ವಾದ್ಯಗಾರರಿಗೆ ಒಂದೊಂದು. ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ ಒಂದೊಂದೇ ಪುಟ ತಿರುವುತ್ತಿದ್ದಾರೆ ಹಾಳೆಯಮ್ಮ. ವಾದ್ಯವೃಂದದವರು ಅಕ್ಕರೆಯಿಂದ ಇಟ್ಟ ಹೆಸರದು. ವಯಸ್ಸು ಐವತ್ತೆಂಟು, ಈ ಕೆಲಸಕ್ಕೆ ಮೂವತ್ತು.

ಸಂಜೆ ಮೇಲಿನ ಸಭಾಂಗಣದಲ್ಲಿ ಆ ಹಳೆಯ ಅಂತರಿಕ್ಷ ಸಿನಿಮಾ ಸರಣಿಯ ಮೂರನೆಯ ಭಾಗ. ಪರದೆಯ ಮೇಲೆ ಚಿತ್ರ ಓಡುತ್ತದೆ, ಕೆಳಗೆ ಕುಳಿತವರು ಅದರ ಸಂಗೀತವನ್ನು ಕಣ್ಣೆದುರೇ ನುಡಿಸುತ್ತಾರೆ. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರ ಬಾಯಲ್ಲೂ ಆ ಧಾಟಿ. ಪೋಸ್ಟರಿನಲ್ಲಿ ನುಡಿಸುವವರ ಹೆಸರೆಲ್ಲ ಇದೆ, ಹಾಳೆ ಹೊಂದಿಸುವವರದು ಮಾತ್ರ ಇಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೆ ಸಿಟ್ಟು ಬಂತು, ಅವರಿಗೆ ನಗು.

"ಪಿಟೀಲಿನೋರಿಗೆ ಎರಡು ಕೈಗೂ ಕೆಲಸ. ಹಾಳೆ ತಿರುವೋಕೆ ಮೂರನೇ ಕೈ ಎಲ್ಲಿಂದ ತರ್ತಾರೆ, ಪಾಪ?"

ಅದಕ್ಕೇ ಈ ಕತ್ತರಿ, ಈ ಅಂಟುಪಟ್ಟಿ. ವಾದ್ಯ ಸುಮ್ಮನಿರುವ ಜಾಗದಲ್ಲೇ ಪುಟ ಮುಗಿಯುವಂತೆ ಕತ್ತರಿಸಿ ಜೋಡಿಸುತ್ತಾರೆ. ಒಂದು ಸಿನಿಮಾಕ್ಕೆ ಸಾವಿರದ ಇನ್ನೂರು ಪುಟ. ಹಾಳೆಯಮ್ಮ ಮೊದಲು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಬುಟ್ಟಿಗೆ ಬಿದ್ದ ಹರಿದ ಹಾಳೆಗಳನ್ನು ಮನೆಗೆ ಒಯ್ದು, ರೇಡಿಯೊ ಕೇಳುತ್ತಾ ಸ್ವರದ ಗುರುತುಗಳನ್ನು ತಾವೇ ಕಲಿತರು. ಯಜಮಾನರು ಬಸ್ ಚಾಲಕರು. "ಇವಳಿಗೆ ಮೌನಾನೂ ಎಣಿಸೋ ಚಾಳಿ ಕಣ್ರೀ. ಜಗಳ ಆಡಿ ನಾನು ಮಾತು ಬಿಟ್ರೆ, ಎಷ್ಟು ಹೊತ್ತು ಬಿಟ್ಟೆ ಅಂತ ಲೆಕ್ಕ ಒಪ್ಪಿಸ್ತಾಳೆ!" ಎಂದು ಕಾಲೆಳೆಯುತ್ತಾರೆ.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಕಳೆದ ವರ್ಷ ಇದೇ ಸಿನಿಮಾ. ನೌಕೆ ಮೇಲೇಳುವ ಮುನ್ನ ಟ್ರಂಪೆಟ್ ಇಪ್ಪತ್ತೊಂದು ಆವರ್ತ, ಅಂದರೆ ತಾಳದ ಇಪ್ಪತ್ತೊಂದು ಸುತ್ತು, ಸುಮ್ಮನಿರಬೇಕು. ಕೊನೆಯ ತಾಲೀಮಿನ ಬಳಿಕ ಪುಟ ಜೋಡಿಸುವಾಗ ಹಾಳೆಯಮ್ಮನ ಕತ್ತರಿ ಒಂದು ಆವರ್ತವನ್ನು ನುಂಗಿಬಿಟ್ಟಿತು. ನೌಕೆ ಇನ್ನೂ ನೆಲದಲ್ಲಿದ್ದಾಗಲೇ ಟ್ರಂಪೆಟ್ ಮೊಳಗಿತು. ವಾದ್ಯವೃಂದದ ನಿರ್ದೇಶಕರು ಟ್ರಂಪೆಟ್ ನುಡಿಸುವವರನ್ನು ಎಲ್ಲರೆದುರು ಬೈದರು. ಹಾಳೆಯ ತಪ್ಪು ಗೊತ್ತಾದರೂ ಟ್ರಂಪೆಟ್ಟಿನವರು, ಎಣಿಕೆ ತಪ್ಪಿದ್ದು ತಾನೇ ಎಂದರು. ಟ್ರಂಪೆಟ್ ಸಾಲಿನ ಮುಖ್ಯಸ್ಥಾನವಾದ ಮೊದಲ ಕುರ್ಚಿ ಅವರ ಕೈತಪ್ಪಿತು.

ಹೋದ ವಾರ ಆ ಫೈಲು ಬಿಚ್ಚಿದಾಗಲೇ ಹಾಳೆಯಮ್ಮನಿಗೆ ವಿಷಯ ತಿಳಿದದ್ದು. ನೇರ ಮೇಲೆ ನಿರ್ದೇಶಕರ ಬಳಿ ಓಡಿದರು. "ಕತ್ತರಿ ನಂದು. ಬೈಗುಳ ಅವರಿಗ್ಯಾಕೆ ಸಾರ್?" ಅಂದರು. ಈ ಸಂಜೆ ಮೊದಲ ಕುರ್ಚಿ ಮತ್ತೆ ಟ್ರಂಪೆಟ್ಟಿನವರದೇ, ಆದರೆ ಈ ಸಲವೂ ಎಡವಿದರೆ ಮುಗಿಯಿತು ಎಂದು ನಿರ್ದೇಶಕರು ಖಡಾಖಂಡಿತವಾಗಿ ಹೇಳಿದ್ದಾರೆ.

ಟ್ರಂಪೆಟ್ಟಿನವರನ್ನು ಕೇಳಿದರೆ, "ಇಷ್ಟು ವರ್ಷ ಅಕ್ಕ ನನ್ನ ಮಾನ ಕಾಪಾಡಿದ್ದಾರೆ. ಒಂದು ಸಲ ಬೈಸಿಕೊಂಡ್ರೆ ನನ್ನ ಗಂಟೇನು ಹೋಗುತ್ತೆ?" ಅನ್ನುತ್ತಾರೆ. ನಾನು ಈ ಮಾತು ಮುಟ್ಟಿಸಿದಾಗ ಹಾಳೆಯಮ್ಮನ ಕಣ್ಣು ತುಂಬಿತು.

ಸಂಜೆ ಅವರು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತಿದ್ದಾರೆ. ಅಲ್ಲಿಂದ ಸಿನಿಮಾ ಕಾಣುವುದಿಲ್ಲ. ನೆಲ ನೋಡುತ್ತಾ ಬೆರಳು ಮಡಚುತ್ತಾರೆ. ಹತ್ತೊಂಬತ್ತು. ಇಪ್ಪತ್ತು. ನಾನೂ ಉಸಿರು ಬಿಗಿಹಿಡಿದಿದ್ದೇನೆ. ಇಪ್ಪತ್ತೊಂದು. ಟ್ರಂಪೆಟ್ ಮೊಳಗುತ್ತದೆ, ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ.

"ನೌಕೆ ಮೇಲೆ ಹೋಯ್ತಾ?" ಎಂದು ಪಿಸುಗುಡುತ್ತಾರೆ.

ನಾನು ಇಣುಕಿ ನೋಡಿ ಹೋಯಿತು ಎನ್ನುತ್ತೇನೆ.

"ಹೋಗದೆ ಏನು ಮಾಡುತ್ತೆ?" ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇಪ್ಪತ್ತೊಂದನ್ನೂ ಎಣಿಸಿ ಇಟ್ಟಿದ್ದೀನಿ."