ಹಗ್ಗ ಬಿಟ್ಟ ಗುರುಗಳು

ಬೆವರಿಗೆ ಗುರುಗಳ ಮೀಸೆಯ ಕರಿ ಬಣ್ಣ ಕರಗಿ ಬಾಯಿಯ ಎರಡೂ ಬದಿಗೆ ಇಳಿಯುತ್ತಿತ್ತು. ಬಂಡೆ ಹತ್ತಲು ಸೊಂಟಕ್ಕೆ ಕಟ್ಟಿದ ಬೆಲ್ಟು ಹೊಟ್ಟೆಯ ಕೆಳಗೆ ಎಲ್ಲೋ ಮರೆಯಾಗಿರುತ್ತಿತ್ತು. ಶಹಾಪುರದ ಗುಡ್ಡದಲ್ಲಿ ನಮಗೆ ಬಂಡೆ ಹತ್ತಲು ಕಲಿಸಿದವರು ಇವರೇ. ಗುರುಗಳು ಅನ್ನಬೇಕೆಂದು ಮೊದಲ ದಿನವೇ ತಾವಾಗಿ ಹೇಳಿದ್ದರಿಂದ ಹಾಗೆ ಕರೆಯುತ್ತಿದ್ದೆವು. ಬೇರೆ ಯಾರಿಗೂ ಹಾಗೆ ಕರೆಯಬೇಕೆಂದು ಅನ್ನಿಸಿದ್ದನ್ನು ನಾನು ಕಾಣೆ.

ವಾರವೆಲ್ಲ ಗೊಬ್ಬರದ ಅಂಗಡಿ, ಭಾನುವಾರ ಬಂಡೆ. ಬಾದಾಮಿಯಲ್ಲಿ ಸ್ವಲ್ಪ ದಿನ ಕಲಿತು ಬಂದಿದ್ದರಂತೆ. ಅಲ್ಲಿಯ ಬಂಡೆಗಳು ಇವರಿಲ್ಲದೆ ಸೊರಗಿವೆ ಎಂಬಂತೆ ಮಾತು. ತಾವು ಹತ್ತಿದ್ದು ಕಡಿಮೆ, ಹತ್ತುವ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡದ್ದೇ ಹೆಚ್ಚು. ಗೋಗಿಯ ಶಾಲೆಯಲ್ಲಿ ಪಾಠ ಮಾಡುವ ನಾನು, ಔಷಧ ಅಂಗಡಿ ನಡೆಸುವ ನನ್ನ ಗೆಳತಿ, ನಾವಿಬ್ಬರೇ ಅವರ ಖಾಯಂ ಶಿಷ್ಯರು.

ಆದರೆ ಒಂದು ಪಾಠವನ್ನು ಮಾತ್ರ ಅವರು ಸರಿಯಾಗಿ ಮಾಡಿದರು. ಹತ್ತುವವರ ಸೊಂಟದ ಹಗ್ಗ ಬಂಡೆಗೆ ಹೊಡೆದ ಬೋಲ್ಟುಗಳ ಕೊಂಡಿಯಲ್ಲಿ ಹಾಯ್ದು ಕೆಳಗೆ ನಿಂತವರ ಬೆಲ್ಟಿಗೆ ಬರುತ್ತದೆ. ಕೆಳಗಿನವರ ಬಲಗೈ ಹಗ್ಗ ಬಿಟ್ಟರೆ ಮೇಲಿನವರು ನೆಲಕ್ಕೆ. "ಪ್ರಾಣ ಹೋದ್ರೂ ಕೈ ಬಿಡಬ್ಯಾಡ್ರಿ" ಅನ್ನುತ್ತಿದ್ದರು. ಗೊಬ್ಬರದ ಚೀಲವನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಬೀಳಿಸಿ, ಅದು ನೆಲ ಮುಟ್ಟದಂತೆ ಓಡುವ ಹಗ್ಗ ಹಿಡಿಯುವುದನ್ನು ನನ್ನ ಗೆಳತಿಗೆ ಸಾಕುಸಾಕಾಗುವಷ್ಟು ಮಾಡಿಸಿದ್ದರು.

ಅವರಿಗಿದ್ದ ರೋಗ ಒಂದೇ: ದೊಡ್ಡವರು. ಪೇಟೆಯಲ್ಲಿ ಬಿಳಿ ಕಾರು ನಿಂತರೆ ಸಾಕು, ಗಿರಾಕಿಯನ್ನು ತಕ್ಕಡಿಯ ಮುಂದೆಯೇ ಬಿಟ್ಟು ಓಡುವರು. ಕಾರಿನವರಿಗೆ ಇವರ ಗುರುತೂ ಇರುತ್ತಿರಲಿಲ್ಲ. ವಾಪಸ್ಸು ಬಂದು, ಕಾರಿನವರು ತಮ್ಮ ಯೋಗಕ್ಷೇಮ ವಿಚಾರಿಸಿದರೆಂದು ನಮಗೆ ಬಣ್ಣಿಸುವರು. ನನಗೆ ಹೇಸಿಕೆ ಬರುತ್ತಿತ್ತು.

ಒಂದು ಭಾನುವಾರ ಊರಿನ ಮುಖಂಡರೊಬ್ಬರನ್ನು ಬಂಡೆ ನೋಡಲು ಕರೆದಿದ್ದರು. ಬಿಸಿಲೇರಿದರೂ ಮುಖಂಡರ ಸುಳಿವಿಲ್ಲದ್ದರಿಂದ ನಾನು ಹತ್ತತೊಡಗಿದೆ. ಹಗ್ಗ ಗುರುಗಳ ಕೈಯಲ್ಲಿತ್ತು. ಮೇಲಿನ ಬೋಲ್ಟು ದಾಟುವಷ್ಟರಲ್ಲಿ ಬೆರಳುಗಳು ಸೋತವು. "ಹಿಡೀರಿ" ಎಂದು ಕೂಗಿ ಬಂಡೆ ಬಿಟ್ಟು ಹಗ್ಗಕ್ಕೆ ಮೈ ಕೊಟ್ಟೆ. ಹಗ್ಗ ನಿಲ್ಲಲಿಲ್ಲ.

ಕೆಳಗೆ ಆದದ್ದನ್ನು ಆಮೇಲೆ ಗೆಳತಿ ಹೇಳಿದಳು. ಸರಿಯಾಗಿ ಆ ಹೊತ್ತಿಗೆ ಮುಖಂಡರು ಹಿಂಬಾಲಕರೊಂದಿಗೆ ಬಂದರಂತೆ. ಗುರುಗಳು ಹಗ್ಗ ಬಿಟ್ಟು, ಎರಡೂ ಕೈ ಜೋಡಿಸಿ, "ಶರಣ್ರಿ ಧಣ್ಯಾರ" ಎಂದು ಬಾಗಿದರಂತೆ. ಪಕ್ಕದಲ್ಲಿದ್ದ ಗೆಳತಿ ಓಡುತ್ತಿದ್ದ ಹಗ್ಗಕ್ಕೆ ಎರಡೂ ಕೈ ಹಾಕಿದಳು. ಅವಳ ಅಂಗೈ ಚರ್ಮ ಸುಲಿದು ಹೋಯಿತು. ಬೀಳುವ ವೇಗ ತಗ್ಗಿದ್ದರಿಂದ ನನ್ನ ಪಾದವಷ್ಟೇ ಮುರಿಯಿತು, ತಲೆ ಉಳಿಯಿತು. ಮುಖಂಡರು ಹುಷಾರಾಗಿರಬೇಕೆಂದು ಹೇಳಿ ಕಾರು ಹತ್ತಿದರು.

ಗುರುಗಳು ಅವರನ್ನು ಕಳಿಸಿ ಬಂದರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಅವರು ನಿಜವಾಗಿ ಆಶ್ಚರ್ಯಪಟ್ಟವರಂತೆ ನನ್ನನ್ನೇ ಕೇಳಿದರು: "ದೊಡ್ಡವ್ರು ಬಂದಾಗ ಒಂದ ಕೈಲೆ ಶರಣು ಮಾಡಾಕ ಬರ್ತದೇನವಾ?"

ಗೆಳತಿ ಅವರಿಗೆ ಹೇಳಿದಳು: "ಇನ್ನ ನಿಮ್ಮ ಕೈಯಾಗ ನಮ್ಮ ಜೀವ ಕೊಡಂಗಿಲ್ರಿ."

ನನ್ನ ಪಾದ ವಾಸಿಯಾದ ಮೇಲೆ ನಾವು ನಮ್ಮದೇ ಹಗ್ಗದಲ್ಲಿ ಹತ್ತುತ್ತಿದ್ದೇವೆ. ಊರಲ್ಲಿ ಗುರುಗಳು ನನ್ನನ್ನು ತಾವೇ ಉಳಿಸಿದ್ದಾಗಿ ಹೇಳಿಕೊಂಡು ತಿರುಗಿದರು. ಸುಳ್ಳು ಅನ್ನಲು ಹೊರಟರೆ ಆ ಗೊಬ್ಬರದ ಚೀಲ ನೆನಪಾಗುತ್ತದೆ. ಓಡುವ ಹಗ್ಗಕ್ಕೆ ಕೈ ಹಾಕುವುದನ್ನು ನನ್ನ ಗೆಳತಿಗೆ ಕಲಿಸಿದವರು ಬೇರೆ ಯಾರೂ ಅಲ್ಲ. ಇಂಥವರ ಋಣ ನನ್ನ ಜೀವದ ಮೇಲೆ ಬಿತ್ತಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯಲ್ಲಿ ಗುರುಗಳು ಅಂಗಡಿಯಲ್ಲೇ ಎದೆನೋವು ಬಂದು ತೀರಿಕೊಂಡರು. ಮನೆಯ ಮುಂದೆ ಅವರ ದೇಹವನ್ನು ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಮುಖಂಡರು ಬಂದಿರಲಿಲ್ಲ. ಗೆಳತಿಯೂ ಬರುವುದಿಲ್ಲ ಅಂದಳು. ನಾನು ಎದುರಿಗೆ ಹೋಗಿ ನಿಂತೆ. ಆ ಹೊತ್ತು ನನ್ನ ಕೈಯಲ್ಲಿ ಯಾರ ಹಗ್ಗವೂ ಇರಲಿಲ್ಲ. ಎರಡೂ ಕೈ ಜೋಡಿಸಿ ಶರಣು ಮಾಡಿದೆ.