ಈರುಳ್ಳಿ ಬುಟ್ಟಿಯ ತಪ್ಪಲ್ಲ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಫೋನಕ್ಕನಿಗಾದರೋ ಬೆಳಗಿನಿಂದ ಸಂಜೆಯವರೆಗೆ ಆಡುವುದೇ ಕೆಲಸ. ಊರಾಚೆ ಅವಳಿರುವ ಕಾರ್ಖಾನೆಯಲ್ಲಿ ಮನೆಗಾಡಿಗಳು ತಯಾರಾಗುತ್ತವೆ. ಒಳಗೆ ಹಾಸಿಗೆ, ಸಿಂಕು, ಎರಡು ಬರ್ನರಿನ ಗ್ಯಾಸ್ ಒಲೆ, ಕಿಟಕಿಗೆ ಪರದೆ, ಕೆಳಗೆ ಚಕ್ರ. ಕೊಂಡವರು ಮನೆಯನ್ನೇ ಓಡಿಸಿಕೊಂಡು ಊರೂರು ಸುತ್ತುತ್ತಾರೆ, ಏನಾದರೂ ಕೆಟ್ಟರೆ ಫೋನ್ ಮಾಡುತ್ತಾರೆ. ಆ ಫೋನ್ ಎತ್ತುವವಳು ಇವಳು, ಅದಕ್ಕೇ ಎಲ್ಲರ ಬಾಯಲ್ಲೂ ಫೋನಕ್ಕ. ಅವಳ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವ ದಿನವೂ ಯಾರಿಗೂ ಬೇಕಾಗಿಲ್ಲ.

ಅವಳಿಗೊಂದು ವಿಚಿತ್ರ ಅಭ್ಯಾಸ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಓಡಿದರೆ ಇವಳು ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋಗುತ್ತಾಳೆ. ಅರ್ಧ ಕಟ್ಟಿದ ಯಾವುದಾದರೂ ಗಾಡಿ ಹತ್ತಿ, ಅಲ್ಲೇ ಕೂತು ಉಣ್ಣುತ್ತಾಳೆ. ಉಂಡ ಮೇಲೆ ಡ್ರಾಯರು ಎಳೆದು ನೋಡುತ್ತಾಳೆ, ಹಾಸಿಗೆಯ ಮೇಲೆ ಮಲಗಿ ಅಲ್ಲಿಂದ ಏನೇನು ಕಾಣುತ್ತದೆ ಎಂದು ನೋಡುತ್ತಾಳೆ. ಶೆಡ್ಡಿನವರು ರೇಗಿಸುತ್ತಾರೆ: "ಏನಕ್ಕಾ, ಗೃಹಪ್ರವೇಶ ಯಾವಾಗ?" ಅವಳ ಉತ್ತರ ಒಂದೇ: "ಅವ್ರು ಫೋನಲ್ಲಿ ಬಾಯಿ ಬಡ್ಕೊಳ್ಳುವಾಗ ಎಲ್ಲಿ ನಿಂತಿರ್ತಾರೆ ಅಂತ ನಂಗೆ ಗೊತ್ತಿರ್ಬೇಕಲ್ಲಪ್ಪ." ಇಷ್ಟು ಯೋಚಿಸಿ ಕೆಲಸ ಮಾಡುವವರನ್ನು ಕಂಡರೆ ಕೈಮುಗಿಯಬೇಕು ಎನಿಸುತ್ತದೆ. ಅವಳು ಮಾತ್ರ ಡಬ್ಬಿ ತೊಳೆದುಕೊಂಡು ಮೇಜಿಗೆ ಮರಳುತ್ತಾಳೆ.

ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಒಲೆಯ ಸಮಾಚಾರ ಬಂತು. ಒಲೆಯ ಹಿಂದೆ ತಾಮ್ರದ ಪೈಪು ಸೇರುವಲ್ಲಿ ಒಂದು ಹಿತ್ತಾಳೆ ನಟ್ಟು. ರಸ್ತೆಯ ಕುಲುಕಾಟಕ್ಕೆ ಅದು ಸಡಿಲವಾಗಿ ಗ್ಯಾಸು ಸೋರುತ್ತಿತ್ತು. ಈ ಗ್ಯಾಸು ಗಾಳಿಗಿಂತ ಭಾರ. ಮುಚ್ಚಿದ ಗಾಡಿಯಲ್ಲಿ ನೀರು ನಿಂತಂತೆ ನೆಲದಲ್ಲಿ ನಿಲ್ಲುತ್ತದೆ, ಒಂದು ಕಡ್ಡಿ ಗೀರಿದರೆ ಸಾಕು. ಆ ಒಲೆ ಇರುವ ಗಾಡಿಗಳನ್ನೆಲ್ಲ ವಾಪಸ್ ಕರೆಸಿ ನಟ್ಟು ಬದಲಿಸಿಕೊಡಬೇಕೆಂದು ಕಂಪನಿ ತೀರ್ಮಾನಿಸಿತು. ಕರೆಸುವ ಕೆಲಸ ಫೋನಕ್ಕನ ಪಾಲಿಗೆ ಬಂತು.

ಒಳ್ಳೆಯದು ಹೇಳಲು ಹೋದರೆ ಬೈಗುಳ ತಿನ್ನಬೇಕಾದ ಕಾಲ ಇದು. ಹಾದಿಬೀದಿಯ ಕಳ್ಳರೆಲ್ಲ ಫೋನಿನಲ್ಲೇ ಅಂಗಡಿ ತೆರೆದಿರುವಾಗ "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಎಂದರೆ ನಂಬುವವರಾರು? ಕಂಪನಿ ಬರೆದುಕೊಟ್ಟ ಮಾತಿನ ಮೊದಲ ಸಾಲೇ "ದಯವಿಟ್ಟು ನಿಮ್ಮ ಗಾಡಿಯ ಚಾಸಿ ನಂಬರ್ ತಿಳಿಸಿ" ಎಂದಿತ್ತು. ಬರೆದ ಪುಣ್ಯಾತ್ಮ ಯಾರೋ, ಅವನಿಗೆ ಇಂಥ ಫೋನ್ ಬಂದಿದ್ದರೆ ಅವನೂ ಕಟ್ ಮಾಡುತ್ತಿದ್ದ. ಆದರೂ ಫೋನಕ್ಕ ಬೈದವರಿಗೆ ಮತ್ತೆ ಮತ್ತೆ ಫೋನ್ ಮಾಡಿ, ನಗಿಸಿ, ಪುಸಲಾಯಿಸಿ ಒಬ್ಬೊಬ್ಬರನ್ನೇ ಕರೆಸಿದಳು.

ಕೊನೆಗೆ ಉಳಿದವರು ಗಾರ್ಡ್ ಸಾಹೇಬರು. ರೈಲಿನ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದು ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ಮನೆಗೆ ಬೀಗ ಜಡಿದು ಹೆಂಡತಿಯೊಂದಿಗೆ ಮನೆಗಾಡಿ ಹತ್ತಿದ್ದರು. ಫೋನಕ್ಕ ಮೊದಲ ಸಾಲು ಮುಗಿಸುವುದರೊಳಗೆ ಅವರು ಸಿಡಿದರು.

"ನಂಬರ್ ಬೇಕಾ ನಂಬರು? ಹೋದ ವರ್ಷ ನಿನ್ನಂಥವಳೇ ಒಬ್ಳು ಇಷ್ಟೇ ನಯವಾಗಿ ಕೇಳಿ ಬ್ಯಾಂಕ್ ಖಾತೆ ಗುಡಿಸಿ ಹಾಕಿದ್ಳು. ಇನ್ನೊಂದ್ಸಲ ಫೋನ್ ಮಾಡಿದ್ರೆ ಪೊಲೀಸಿಗೆ ಹೇಳ್ತೀನಿ!"

ಫೋನು ಕಟ್ ಆಗುವ ಮುಂಚೆ ಅವರ ಹಿಂದಿನಿಂದ ಹೆಂಗಸಿನ ದನಿಯೊಂದು ಕೇಳಿಸಿತು: "ರೀ, ಆ ಈರುಳ್ಳಿ ಬುಟ್ಟಿ ಆಚೆ ಹಾಕಿ ಅಂದ್ನಲ್ಲ. ಕೊಳೆತು ನಾರ್ತಿದೆ, ತಡ್ಕೊಳ್ಳೋಕಾಗ್ತಿಲ್ಲ."

ಫೋನಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಸೋರಿದ ಗ್ಯಾಸು ನಾರುವುದೂ ಹೆಚ್ಚುಕಡಿಮೆ ಹಾಗೆಯೇ. ಮತ್ತೆ ಮಾಡಿದಳು, ಅವರು ಆಗಲೇ ಕಂಪನಿಯ ನಂಬರನ್ನು ಬ್ಲಾಕ್ ಮಾಡಿದ್ದರು. ತನ್ನ ಸ್ವಂತ ಫೋನಿನಿಂದ ಮಾಡಿದರೆ ದನಿ ಕೇಳಿದ್ದೇ ಅದನ್ನೂ ಬ್ಲಾಕ್ ಮಾಡಿದರು. ಮೇನೇಜರ ಹತ್ತಿರ ಓಡಿದಳು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಕೆಟ್ಟವನಲ್ಲ.

"ಅವ್ರ ಮನೆಗೆ ಕಾಗದ ಹೋಗಿದೆಯಲ್ಲ ಅಕ್ಕಾ," ಎಂದ.

"ಮನೆಗೆ ಬೀಗ ಹಾಕಿ ಗಾಡಿ ಹತ್ತಿದೋರಿಗೆ ಮನೆಗೆ ಕಾಗದ ಹಾಕಿದ್ರೆ ಹಲ್ಲಿ ಓದುತ್ತಾ ಸಾರ್?"

ಪೊಲೀಸರಿಗೂ ಹೇಳಿದರು. ಗಾಡಿ ಯಾವ ರಸ್ತೆಯಲ್ಲಿದೆ ಎಂದು ಅವರು ಕೇಳಿದರು. ಅದೇ ತಾನೇ ಗೊತ್ತಿಲ್ಲದ್ದು!

ಸಂಜೆ ಮನೆಯಲ್ಲಿ ಅವಳು ನಡೆದದ್ದನ್ನು ಅತ್ತೆಗೆ ಹೇಳಿದಳು. ಅತ್ತೆ ಬೆಂಡೆಕಾಯಿ ಒರೆಸುತ್ತಾ ಎಲ್ಲ ಕೇಳಿಸಿಕೊಂಡು, "ನಂಬರ್ ಕೇಳಿದ್ರೆ ನಾನೂ ಫೋನ್ ಇಡ್ತೀನಿ ಕಣೇ," ಎಂದರು.

"ಮತ್ತೆ ಆ ತರಕಾರಿಯವನನ್ನ ಅಷ್ಟು ನಂಬ್ತೀರಲ್ಲ ಅತ್ತೆ?"

"ಅವನನ್ನ ಯಾರು ನಂಬಿದ್ರು? ತುದಿ ಮುರ್ದು ನೋಡಿ ಅಂತ ಕಾಯನ್ನ ಕೈಗೇ ಕೊಡ್ತಾನೆ. ಪಟ್ ಅಂದ್ರೆ ಎಳೇದು. ನಾನು ನಂಬೋದು ನನ್ನ ಕೈಯನ್ನ."

ಫೋನಕ್ಕ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಸೊಸೆ ಒಂದು ಮಾತಿಗೆ ಒಪ್ಪುವುದು ಆ ಮನೆಯಲ್ಲಿ ಅಪರೂಪ. "ಅತ್ತೆ, ನಿಮ್ಮ ಫೋನ್ ಕೊಡ್ತೀರಾ?" ಎಂದಳು. ಆಗಲೇ ಮಾಡಿ ನೋಡಿದರೆ ಗಾರ್ಡ್ ಸಾಹೇಬರ ಫೋನು ಆಫ್ ಆಗಿತ್ತು.

ಮರುದಿನ ಅತ್ತೆಯ ಫೋನು ಹಿಡಿದು ಬೇಗನೆ ಆಫೀಸಿಗೆ ಹೋದಳು. ರಿಪೇರಿಗೆ ಸಂಬಂಧಿಸಿದ್ದನ್ನು ಫೋನಿನಲ್ಲಿ ಹೇಳಿಕೊಡಕೂಡದು ಎಂದು ಕಂಪನಿಯ ನಿಯಮ. ಬೆಂಕಿಯ ಜೊತೆ ಸರಸ ಸಲ್ಲದು, ಆದ್ದರಿಂದ ನಿಯಮ ತಪ್ಪೇನಲ್ಲ. ಅವಳು ನೇರವಾಗಿ ಮೇನೇಜರಿಗೆ ಹೇಳಿದಳು: "ಸಾರ್, ಈಗ ನಾನೊಂದು ತಪ್ಪು ಮಾಡ್ತೀನಿ. ಬೇಕಾದ್ರೆ ಪಕ್ಕದಲ್ಲೇ ಕೂತು ನೋಡಿ." ಅವನು ಅವಳ ಮುಖ ನೋಡಿ ಕುರ್ಚಿ ಎಳೆದುಕೊಂಡ. ಅವಳು ಅತ್ತೆಯ ಫೋನಿನಿಂದ ನಂಬರ್ ಒತ್ತಿದಳು.

"ಯಾರು?" ಗಾರ್ಡ್ ಸಾಹೇಬರ ದನಿ ಒರಟಾಗಿತ್ತು.

"ನಿನ್ನೆ ಬೈದ್ರಲ್ಲ ಸಾರ್, ಅವಳೇ. ನಂಗೆ ನಂಬರ್ ಬೇಡ, ಏನೂ ಬೇಡ. ಈರುಳ್ಳಿ ಬುಟ್ಟಿ ಆಚೆ ಹಾಕಿದ್ರಾ?"

ಖಾತೆ ಗುಡಿಸುವವರು ಯಾರೂ ಈರುಳ್ಳಿ ವಿಚಾರಿಸುವುದಿಲ್ಲ. "ಹಾಕಿದ್ವಿ," ಎಂದರು.

"ನಾತ ಹೋಯ್ತಾ?"

"...ಇಲ್ಲ."

"ಸಾರ್, ನನ್ನನ್ನ ನಂಬಬೇಡಿ. ನಿಮ್ಮ ಕಣ್ಣನ್ನ ನಂಬಿ. ಒಲೆ ಹಚ್ಚಬೇಡಿ, ಯಾವ ಸ್ವಿಚ್ಚೂ ಮುಟ್ಟಬೇಡಿ. ಬಾಗಿಲು ಕಿಟಕಿ ಎಲ್ಲ ತೆಗ್ದು ಇಬ್ರೂ ಆಚೆ ಬನ್ನಿ, ಗಾಳಿ ಚೆನ್ನಾಗಿ ಆಡ್ಲಿ. ಆಮೇಲೆ ಫೋನು ಅಮ್ಮಾವ್ರ ಕೈಗೆ ಕೊಟ್ಟು ನೀವೊಬ್ರೇ ಹೋಗಿ. ಪಾತ್ರೆ ಸೋಪನ್ನ ನೀರಲ್ಲಿ ಕಲಸ್ಕೊಳ್ಳಿ. ಒಲೆ ಕೆಳಗಿನ ಚಮಚದ ಡ್ರಾಯರ್ ಇದೆಯಲ್ಲ, ಅದನ್ನ ಪೂರ್ತಿ ತೆಗೀರಿ. ಎಳೆದ್ರೆ ಸಿಕ್ಕಿಕೊಳ್ಳುತ್ತೆ, ಸ್ವಲ್ಪ ಮೇಲೆತ್ತಿ ಎಳೀರಿ. ಹಿಂದೆ ಹಿತ್ತಾಳೆ ನಟ್ಟು ಕಾಣುತ್ತೆ. ಅದಕ್ಕೆ ನೊರೆ ಹಚ್ಚಿ. ಗುಳ್ಳೆ ಬರ್ಲಿಲ್ಲ ಅಂದ್ರೆ ನಾನು ಕಳ್ಳಿ, ಪೊಲೀಸಿಗೆ ಹೇಳಿ. ಬಂದ್ರೆ ಸಿಲಿಂಡರ್ ಬಂದ್ ಮಾಡಿ ಆಚೆ ಬಂದ್ಬಿಡಿ."

"ಆ ಡ್ರಾಯರ್ ಸಿಕ್ಕಿಕೊಳ್ಳೋದು ನಿಂಗೆ ಹೇಗೆ ಗೊತ್ತು?"

"ಅದರ ಪಕ್ಕದಲ್ಲೇ ಕೂತು ದಿನಾ ಊಟ ಮಾಡ್ತೀನಿ ಸಾರ್."

ಗಾಳಿ ಆಡುವವರೆಗೆ ಕಾದರು. ಆಮೇಲೆ ಫೋನು ಹೆಂಡತಿಯ ಕೈಗೆ ಬಂತು. ಆಕೆ ಪಾಪ, ಮಾತಿಗೆ ಹಸಿದಿದ್ದವರ ಹಾಗೆ ಹೇಳಿಕೊಂಡರು: "ಚಳಿ ಅಂತ ಎಲ್ಲಾ ಮುಚ್ಕೊಂಡು ಮಲಗ್ತೀವಮ್ಮ. ಬೆಳಗಾದ್ರೆ ಇಬ್ರಿಗೂ ತಲೆನೋವು. ವಯಸ್ಸಾಯ್ತು ಅಂದ್ಕೊಂಡಿದ್ವಿ. ಈಗ ಕಾಫಿಗಿಡೋಣ ಅಂತ ಇವ್ರು ಬೆಂಕಿಪೊಟ್ಟಣ ಹುಡುಕ್ತಿದ್ರು, ಅಷ್ಟರಲ್ಲಿ ನಿಮ್ಮ ಫೋನ್ ಬಂತು."

ಅತ್ತ ಎಲ್ಲೋ ಹಕ್ಕಿ ಕೂಗುತ್ತಿತ್ತು. ಗಾಡಿಯೊಳಗೆ ಡ್ರಾಯರು ಸದ್ದು ಮಾಡಿತು. ಆಮೇಲೆ ಏನೂ ಕೇಳಿಸಲಿಲ್ಲ. ಅವರನ್ನು ಒಳಗೆ ಕಳಿಸಿದವಳು ತಾನೇ. ಮೇನೇಜರು ಕುರ್ಚಿಯ ಕೈ ಹಿಡಿದು ಕೂತಿದ್ದ.

ಹೆಜ್ಜೆಯ ಸದ್ದು. ಗಾರ್ಡ್ ಸಾಹೇಬರು ಫೋನ್ ತೆಗೆದುಕೊಂಡಾಗ ದನಿಯ ಗಡಸೆಲ್ಲ ಇಳಿದಿತ್ತು.

"ಬರ್ತಿದೆ ಕಣಮ್ಮ. ಅನ್ನ ಕುದಿಯೋ ಹಾಗೆ ಗುಳ್ಳೆ ಬರ್ತಿದೆ."

"ಸಿಲಿಂಡರ್?"

"ಬಂದ್ ಮಾಡ್ದೆ. ಇಬ್ರೂ ಆಚೆ ಇದ್ದೀವಿ."

ಅವಳು ಕಣ್ಣೊರೆಸಿಕೊಂಡಳು. "ಅಲ್ಲೇ ಇರಿ ಸಾರ್. ಯಾವ ರಸ್ತೆ ಅಂತ ಹೇಳಿದ್ರೆ ಸಾಕು, ಮೆಕ್ಯಾನಿಕ್ ನೀವಿರೋ ಕಡೆಗೇ ಬರ್ತಾನೆ."

ಅವರು ರಸ್ತೆ ಹೇಳಿದರು. ಹೇಳಿ ಫೋನ್ ಇಡಲಿಲ್ಲ.

"ನಂಬರ್ ಕೇಳ್ಲೇ ಇಲ್ವಲ್ಲಮ್ಮ?"

"ಬೇಡ ಸಾರ್. ಬಂದೋನು ಗಾಡಿ ನೋಡಿ ಬರ್ಕೋತಾನೆ."

"ಇಲ್ಲ, ನೀನೇ ಬರ್ಕೋ."

ಗಾರ್ಡ್ ಸಾಹೇಬರು ಚಾಸಿ ನಂಬರನ್ನು ಶುರು ಮಾಡಿದರು. ರೈಲಿನ ಡಬ್ಬಿಗಳ ನಂಬರು ಕೂಗುತ್ತಿದ್ದ ಹಾಗೆ ಒಂದೊಂದೇ ಅಂಕಿ, ಬಿಡಿಬಿಡಿಯಾಗಿ, ನಿಧಾನವಾಗಿ. ಫೋನಕ್ಕ ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ತಿರುಗಿ ಹೇಳಿದಳು. ಮೇನೇಜರು ಪೆನ್ನು ತೆಗೆದುಕೊಂಡು ತಾನೇ ಬರೆದುಕೊಂಡ.

"ತಪ್ಪಾಗಬಾರ್ದು," ಎಂದರು ಗಾರ್ಡ್ ಸಾಹೇಬರು. "ಇನ್ನೊಂದ್ಸಲ ಹೇಳ್ತೀನಿ, ಕೇಳಮ್ಮ."